ಡ್ರೈವರಣ್ಣ ಹೊದಿಸಿದ ಶಾಲು

ಡ್ರೈವರಣ್ಣನಿಗೆ ಯಾರೂ ಲೋಟದ ತುಂಬ ಟೀ ಕೊಡುತ್ತಿರಲಿಲ್ಲ. ಅರ್ಧ ಲೋಟ ಕೊಟ್ಟರೂ ಅದು ಅಂಚಿನವರೆಗೆ ತುಳುಕಿ ಮತ್ತೆ ಕೆಳಗಿಳಿಯುತ್ತಿತ್ತು. ಅವರ ಕೈ ಸದಾ ಸಣ್ಣಗೆ ನಡುಗುತ್ತಿತ್ತು. ಭಾನುವಾರದ ಸಭೆಗೆ ಬಂದ ಹೊಸಬರು ಆ ಕೈಯನ್ನೇ ನೋಡುತ್ತಿದ್ದರೆ ಅವರೇ ನಕ್ಕು, ಮೂವತ್ತು ವರ್ಷ ಬಸ್ಸಿನ ಗೇರ್ ಹಿಡಿದ ಕೈ, ರಿಟೈರ್ ಆಗಿರುವುದು ಅದಕ್ಕಿನ್ನೂ ಗೊತ್ತಾಗಿಲ್ಲ ಎನ್ನುತ್ತಿದ್ದರು. ನಾವೂ ನಗುತ್ತಿದ್ದೆವು. ಗೇರ್ ಹಿಡಿಯುವುದು ಎಡಗೈಯಲ್ಲಿ, ನಡುಗುತ್ತಿದ್ದದ್ದು ಎರಡೂ ಕೈ. ಅದನ್ನು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಟಿ. ನರಸೀಪುರದ ಪತ್ರ ಬರಹಗಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆಯುತ್ತೇನೆ. ತಾಲ್ಲೂಕಿನ ಅರ್ಧ ಜನಕ್ಕೆ ನನ್ನ ಮುಖ ಗೊತ್ತು. ಆದ್ದರಿಂದಲೇ ನನ್ನ ಕುಡಿತಕ್ಕೂ ನನ್ನ ತಲೆಗೂ ಔಷಧಿ ಹುಡುಕಿಕೊಂಡು ನಾನು ನಂಜನಗೂಡಿನ ಬಸ್ಸು ಹತ್ತಿದ್ದು. ಮಾನ ಉಳಿಸಿಕೊಳ್ಳಲು ಪಕ್ಕದ ತಾಲ್ಲೂಕಿಗೆ ಹೋಗುವ ಬುದ್ಧಿ ನನಗೊಬ್ಬನಿಗೇ ಹೊಳೆದದ್ದು ಎಂದುಕೊಂಡಿದ್ದೆ.

ನನ್ನದು ಬರೀ ಕುಡಿತವಲ್ಲ. ಕೆಲವು ವಾರ ನಿದ್ದೆಯೇ ಬೇಡ, ಮಾತು ನಿಲ್ಲುವುದಿಲ್ಲ, ಲೋಕವನ್ನೇ ನನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿಕೊಂಡವನ ಹಾಗೆ ಓಡಾಟ. ಆಮೇಲೆ ತಿಂಗಳುಗಟ್ಟಲೆ ಮುಸುಕು ಹಾಕಿಕೊಂಡು ಮಲಗುವುದು. ಎರಡಕ್ಕೂ ಕುಡಿಯುತ್ತಿದ್ದೆ. ಕುಡಿತ ಬಿಡಿಸುವ ಶಿಬಿರದವರು ಮೊದಲು ತಲೆ ಸರಿ ಮಾಡಿಸಿಕೊಂಡು ಬಾ ಎಂದರು. ತಲೆಯ ವೈದ್ಯರೊಬ್ಬರು ಮೊದಲು ಕುಡಿತ ಬಿಟ್ಟು ಬಾ ಎಂದರು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುವ ಕಡತಗಳನ್ನು ದಿನಾ ನೋಡುವವನು ನಾನು. ಈಗ ನಾನೇ ಕಡತವಾಗಿದ್ದೆ.

ಕೊನೆಗೆ ನಂಜನಗೂಡಿನ ಸರ್ಕಾರಿ ಆಸ್ಪತ್ರೆಗೆ ತಿಂಗಳ ಮೊದಲ ಮಂಗಳವಾರ ಬರುತ್ತಿದ್ದ ಡಾಕ್ಟರಮ್ಮ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದುಕೊಂಡರು. ಎರಡಕ್ಕೂ ಒಟ್ಟಿಗೇ ಔಷಧಿ ಆಗಬೇಕು, ಒಂದನ್ನು ಬಿಟ್ಟರೆ ಅದು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ ಎಂದರು. ಮಾತ್ರೆ ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು, ಪಕ್ಕದ ಕೋಣೆಯಲ್ಲೇ ಆಪ್ತ ಸಮಾಲೋಚಕರ ಮುಂದೆ ಕೂರಿಸಿದರು. ಕುಡಿತ ಬಿಟ್ಟವರ ಸಭೆ ಇಲ್ಲೇ ಭಾನುವಾರ ನಡೆಯುತ್ತದೆ, ಅದಕ್ಕೂ ಹೋಗಿ ಎಂದವರೂ ಅವರೇ. ಹಳೆಯ ಶಾಲೆಯೊಂದರ ಕೊಠಡಿಯ ಆ ಸಭೆಯನ್ನು ನಡೆಸುತ್ತಿದ್ದವರು ಡ್ರೈವರಣ್ಣ. ಅವರು ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಒಳ್ಳೆಯದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಬಿಟ್ಟುಹೋದೀತು. ಸಭೆಗೆ ಸೇರಿದ ಎರಡನೇ ತಿಂಗಳು ನಾನು ಮತ್ತೆ ಮುಸುಕು ಹಾಕಿಕೊಂಡು ಮಲಗಿದೆ. ಬಾಗಿಲ ಚಿಲಕ ತೆಗೆಯಲಿಲ್ಲ. ಮೂರನೇ ಬೆಳಿಗ್ಗೆ ಡ್ರೈವರಣ್ಣ ನಮ್ಮ ಮನೆಗೆ ಬಂದರು. ಬಾಗಿಲು ಬಡಿಯಲಿಲ್ಲ, ಬುದ್ಧಿ ಹೇಳಲಿಲ್ಲ. ಜಗಲಿಯ ಮೇಲೆ ಕೂತು ನನ್ನ ಹೆಂಡತಿಯಿಂದ ಒಂದು ಮೊರ ಅವರೆಕಾಯಿ ಇಸಕೊಂಡು ಸುಲಿದರು. ಮಧ್ಯಾಹ್ನ ಮಜ್ಜಿಗೆ ಕುಡಿದರು. ಹೊತ್ತು ಇಳಿಯುವಾಗ ನಾನೇ ಎದ್ದು ಬಾಗಿಲು ತೆಗೆದೆ. ಅವರು ಅವರೆಕಾಳಿನ ಬಟ್ಟಲು ನನ್ನ ಕೈಗಿಟ್ಟು, “ಇವತ್ತಿನ್ ಟ್ರಿಪ್ಪು ಮುಗ್ಸು ಸಾಕು. ನಾಳೆದು ನಾಳೆ ನೋಡ್ಕಳವ” ಎಂದರು. ಅದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು. ಆದರೆ ನನಗಾಗಿ ಒಂದು ಇಡೀ ಹಗಲು ಕಾದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಅಂದಿನಿಂದ ಅವರು ಹೇಳಿದ್ದೇ ನನಗೆ ಶಾಸನವಾಯಿತು.

ಅವರ ಶಾಸನದಲ್ಲಿ ಒಂದು ಕಲಮು ಮಾತ್ರೆಗಳ ವಿರುದ್ಧ ಇತ್ತು. ಮನಸ್ಸು ಗಟ್ಟಿ ಇದ್ದರೆ ಯಾವ ಆಸರೆಯೂ ಬೇಡ ಎನ್ನುವುದು ಅವರ ಭಾನುವಾರದ ಭಾಷಣ. “ಬಾಟ್ಲಿ ಬುಟ್ಟು ಮಾತ್ರೆ ಪಟ್ಟಿ ಇಡ್ಕಂಡ್ರೆ ಅದೂ ಕುಡ್ತನೇ ಕಣ್ರಪ್ಪ. ನಾನೇನ್ ನುಂಗಿ ಬುಟ್ನ?” ಎಂದು ಕೇಳುತ್ತಿದ್ದರು. ಹದಿನಾರು, ಹೆಡತಲೆ ಹಳ್ಳಿಗಳ ಕಡೆಯಿಂದ ಬಂದ ರೈತರು ತಲೆದೂಗುತ್ತಿದ್ದರು. ಮಾತ್ರೆ ತೆಗೆದುಕೊಳ್ಳುವವರು ಅಲ್ಲಿ ಇನ್ನೂ ಕೆಲವರು ಇದ್ದಿರಬೇಕು. ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಮಾತ್ರ ಡ್ರೈವರಣ್ಣನ ಹತ್ತಿರ ಮುಚ್ಚಿಡಬಾರದೆಂದು ಎಲ್ಲ ಹೇಳಿಕೊಂಡಿದ್ದೆ. ದಿನವಿಡೀ ಬೇರೆಯವರ ಹೇಳಿಕೆ ಬರೆಯುವವನಿಗೆ ಯಾವುದನ್ನು ಹೇಳಬಾರದೆಂದು ತಿಳಿದಿರಬೇಕಿತ್ತು.

ಒಂದು ವರ್ಷ ಕುಡಿಯದೆ ಕಳೆದವರಿಗೆ ಸಭೆಯಲ್ಲಿ ಶಾಲು ಹೊದಿಸುವ ರೂಢಿಯಿತ್ತು. ಮನೆಯವರನ್ನೂ ಕರೆಯುತ್ತಿದ್ದರು. ನನ್ನ ವರ್ಷ ತುಂಬುತ್ತಾ ಬಂತು. ಆ ಶಾಲು ನನಗೆ ಬೇಕಿತ್ತು. ಪಿಯುಸಿ ಓದುತ್ತಿದ್ದ ನನ್ನ ಮಗಳು ಅಪ್ಪನನ್ನು ನಾಲ್ಕು ಜನರ ಮುಂದೆ ತಲೆಯೆತ್ತಿ ನೋಡಬೇಕೆಂದು ಬಹಳ ಆಸೆಯಿತ್ತು. ಶಾಲು ಹೊದಿಸುವ ಹಿಂದಿನ ಭಾನುವಾರ ಡ್ರೈವರಣ್ಣ ನನ್ನನ್ನು ಪಕ್ಕಕ್ಕೆ ಕರೆದು, ಇನ್ನೂ ನುಂಗುತ್ತಿದ್ದೀಯಾ ಎಂದು ವಿಚಾರಿಸಿದರು. ಹೌದೆಂದೆ. “ಮಾತ್ರೆ ನುಂಗೋನ್ಗೆ ಶಾಲು ಆಕಕ್ಕೆ ನಂಗೆ ಕೈ ಬರಕಿಲ್ಲ ಕಣಪ್ಪ” ಎಂದರು. ಬೈದಿದ್ದರೆ ನಾನೂ ಜಗಳ ಆಡುತ್ತಿದ್ದೆನೇನೋ. ಅಷ್ಟು ಪ್ರೀತಿಯಿಂದ ಹೇಳಿದರು. ಚೀಲದಲ್ಲಿದ್ದ ಮಾತ್ರೆ ಪಟ್ಟಿಗಳನ್ನೆಲ್ಲ ತೆಗೆದು ಅವರ ಕೈಗೇ ಕೊಟ್ಟೆ. ಹೊಳೆಗೆ ಹಾಕುತ್ತೇನೆಂದು ಜೇಬಿಗಿಟ್ಟುಕೊಂಡರು. ಹೊಳೆಗೆ ಹಾಕಿದರೋ ಏನು ಮಾಡಿದರೋ, ಈಗ ಕೇಳುವಂತಿಲ್ಲ.

ಶಾಲು ಬಂತು. ಹೆಂಡತಿ ಅತ್ತಳು, ಮಗಳು ಫೋಟೋ ತೆಗೆದಳು. ಡಾಕ್ಟರಮ್ಮನ ಹತ್ತಿರ ಹೋಗುವುದನ್ನು ನಿಲ್ಲಿಸಿದೆ. ಐದನೇ ವಾರಕ್ಕೆ ನನಗೆ ನಿದ್ದೆ ಬೇಡವಾಯಿತು. ಮನೆಯವರು ಹೆದರಿ ಏನಾದರೂ ಅಂದರೆ, ಇಷ್ಟು ಹಗುರವಾಗಿ ನಾನು ಎಂದೂ ಇರಲಿಲ್ಲ ಎಂದು ವಾದಿಸುತ್ತಿದ್ದೆ.

ಮಗಳ ಕೆಮಿಸ್ಟ್ರಿ ಪರೀಕ್ಷೆಯ ದಿನ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಪರೀಕ್ಷಾ ಕೇಂದ್ರ ನಮ್ಮ ಊರಲ್ಲೇ, ಹತ್ತು ನಿಮಿಷದ ದಾರಿ. ನಾನು ತಲಕಾಡಿನ ಕಡೆ ತಿರುಗಿಸಿದೆ. ತಲಕಾಡಿನ ಮರಳನ್ನೊಮ್ಮೆ ತುಳಿದು ಬಂದರೆ ಓದಿದ್ದೆಲ್ಲ ನೆನಪಾಗುತ್ತದೆ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು. ಅವಳು ಹಿಂದಿನಿಂದ ಅಪ್ಪಾ, ನಿಲ್ಲಿಸಪ್ಪಾ ಎನ್ನುತ್ತಲೇ ಇದ್ದಳು. ವಾಪಸು ಬರುವಷ್ಟರಲ್ಲಿ ಗೇಟು ಹಾಕಿದ್ದರು. ಹಾಲ್ ಟಿಕೆಟ್ ಹಿಡಿದುಕೊಂಡು ಅವಳು ಗೇಟಿನ ಹೊರಗೆ ನಿಂತಳು. ಸ್ಕೂಟರ್ ಹತ್ತದೆ ಮನೆಗೆ ನಡೆದುಕೊಂಡು ಹೋದಳು. ನಾನು ಅಲ್ಲಿಂದ ನೇರ ಹೋಗಿ ಕುಡಿದೆ.

ಫೋನಿನಲ್ಲಿ ಡ್ರೈವರಣ್ಣನಿಗೆ ಎಲ್ಲ ಹೇಳಿಕೊಂಡು ಅತ್ತೆ. ಅವರು, ನಿನ್ನ ಮನಸ್ಸು ಗಟ್ಟಿ ಇರಲಿಲ್ಲ, ಅದಕ್ಕೇ ಜಾರಿದೆ ಎಂದರು. ನಾನು ಅದನ್ನೂ ನಂಬಿದೆ.

ನಂಬದವಳು ನನ್ನ ಹೆಂಡತಿ. ನಂಜನಗೂಡಿನ ಸರದಿ ಬರಲು ಇನ್ನೂ ಎರಡು ವಾರವಿತ್ತು. ಅದೇ ಡಾಕ್ಟರಮ್ಮ ಮೂರನೇ ಮಂಗಳವಾರ ನಮ್ಮ ನರಸೀಪುರದ ಆಸ್ಪತ್ರೆಗೂ ಬರುತ್ತಾರೆಂದು ಅವಳು ವಿಚಾರಿಸಿಕೊಂಡಿದ್ದಳು. ಊರವರು ನೋಡಿದರೆ ನೋಡಲಿ ಎಂದು ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋದಳು. ತಲೆಗೆ ಟವೆಲ್ ಹೊದ್ದುಕೊಂಡು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದವರೂ ಟವೆಲ್ ಹೊದ್ದಿದ್ದರು. ನರ್ಸಮ್ಮ ಬಂದು ಅವರಿಗೆ, “ಏನ್ ಡ್ರೈವರ್ರೇ, ಮಾತ್ರೆ ಮುಗ್ದು ಮೂರು ದಿನ ಆಯ್ತಲ್ಲ, ಎಲ್ಲಿ ಹೋಗಿದ್ರಿ?” ಎಂದರು.

ಡ್ರೈವರಣ್ಣನ ತೊಡೆಯ ಮೇಲೆ ದಪ್ಪ ಫೈಲಿತ್ತು. ಮೇಲೆ ಖಾಲಿ ಪಟ್ಟಿ, ನನ್ನದೇ ಮಾತ್ರೆ. ಆ ಮಾತ್ರೆ ಶುರುವಾದ ಮೇಲೆ ನನ್ನ ಕೈಬರಹವೂ ಸಣ್ಣಗೆ ಅಲುಗುತ್ತಿತ್ತು, ಅದು ಕೆಲವರಿಗೆ ಹಾಗಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅಷ್ಟು ಭಾನುವಾರ ಆ ನಡುಗುವ ಲೋಟವನ್ನು ನೋಡಿಕೊಂಡು ಕೂತಿದ್ದೆನಲ್ಲ. ಎಷ್ಟು ವರ್ಷದಿಂದ ಎಂದು ಕೇಳಿದೆ. ಕುಡಿತ ಬಿಟ್ಟ ವರ್ಷದಿಂದಲೇ, ಹನ್ನೆರಡು ಎಂದರು.

“ಡಿಪೋದಲ್ಲಿ ಗೊತ್ತಾಗಿದ್ರೆ ಸ್ಟೇರಿಂಗ್ ಮುಟ್ಟಕ್ಕೆ ಬುಡ್ತಿರ್ನಿಲ್ಲ. ಅದ್ಕೆ ಒಂದು ಸುಳ್ಳೇಳ್ದೆ. ಆಮೇಕೆ ಜನ ಆ ಸುಳ್ಳನ್ನೇ ನೋಡ್ಕಂಡು ಬರಕ್ಕೆ ಸುರು ಮಾಡುದ್ರು ಕಣಪ್ಪ.”

ನನಗ್ಯಾಕೆ ಮಾತ್ರೆ ಬಿಡಿಸಿದಿರಿ ಎಂದು ಕೇಳಿದೆ. ನನ್ನ ಮಗಳು ಗೇಟಿನ ಹೊರಗೆ ನಿಂತಿದ್ದಳು ಎಂದೂ ಹೇಳಿದೆ. ಅವರು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದರು.

“ನನ್ ಕೈಲಾಗ್ನಿಲ್ಲ. ನಿನ್ ಕೈಲಾದ್ರೂ ಆಯ್ತದೇನೋ ಅಂದ್ಕಂಡೆ.”

ಹೊಡೆಯಬೇಕೆನ್ನಿಸಿತು. ಸುಳ್ಳು ಹೇಳಿದ್ದಕ್ಕಲ್ಲ, ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳುವುದು ನನಗೆ ಅರ್ಥವಾಗುತ್ತದೆ. ತಾನು ಇಳಿಯಲು ಹೆದರಿದ ನೀರಿಗೆ ನನ್ನನ್ನು ತಳ್ಳಿ ದಡದಲ್ಲಿ ನಿಂತು ನೋಡಿದರು, ಮುಳುಗಿದಾಗ ನಿನಗೆ ಈಜು ಬರುವುದಿಲ್ಲ ಎಂದರು. ಯಾರಿಗೂ ಹೇಳಬೇಡ ಎಂದು ಕೇಳಿಕೊಂಡರು. ನಾನು ಹೇಳಲಿಲ್ಲ. ಒಂದು ಹಗಲು ನಮ್ಮ ಜಗಲಿಯ ಮೇಲೆ ಕೂತಿದ್ದವರನ್ನು ಬಯಲಿಗೆಳೆಯಲು ಬಾಯಿ ಬರಲಿಲ್ಲ. ಡಾಕ್ಟರಮ್ಮನ ಮಾತ್ರೆ ಮತ್ತೆ ಶುರು ಮಾಡಿದೆ, ಸಭೆಗೆ ಹೋಗುವುದನ್ನು ಬಿಟ್ಟೆ. ಭಾಷಣ ಮಾತ್ರ ಬದಲಾಗಿಲ್ಲವೆಂದು ಹೋಗಿಬಂದವರು ಹೇಳುತ್ತಿದ್ದರು. ಮಗಳು ಮರುಪರೀಕ್ಷೆಯಲ್ಲಿ ಪಾಸಾದಳು. ನನ್ನ ಸ್ಕೂಟರ್ ಇವತ್ತಿಗೂ ಹತ್ತುವುದಿಲ್ಲ.

ಕಳೆದ ಶ್ರಾವಣದಲ್ಲಿ ಡ್ರೈವರಣ್ಣ ಹೃದಯಾಘಾತದಿಂದ ತೀರಿಕೊಂಡರು. ತಿಥಿಗೆ ಮುಂಚಿನ ಭಾನುವಾರ ಸಭೆಯಲ್ಲಿ ಸಂತಾಪ ಇಟ್ಟುಕೊಂಡಿದ್ದರು. ಹೋಗದೆ ಇರಲಾಗಲಿಲ್ಲ. ಅವರ ಮಗ ಮುಂದೆ ಕೂತಿದ್ದ. ಒಬ್ಬೊಬ್ಬರೂ ಎದ್ದು, ಒಂದು ಮಾತ್ರೆಯನ್ನೂ ಮುಟ್ಟದೆ ಮನೋಬಲದಿಂದಲೇ ಗೆದ್ದ ಮನುಷ್ಯ ಎಂದು ಹೊಗಳಿದರು. ನನ್ನ ಮುಂದಿನ ಸಾಲಿನಲ್ಲಿ ಹೆಡತಲೆಯ ಒಬ್ಬ ರೈತ ಹೆಂಡತಿಯ ಜೊತೆ ಕೂತಿದ್ದ. ಜೇಬಿನಿಂದ ಮಾತ್ರೆ ಪಟ್ಟಿ ತೆಗೆದು ಅವಳ ಕೈಗಿಟ್ಟು, ಇವತ್ತಿಂದ ಇದು ಬೇಡ, ಅವರ ಹಾಗೇ ಇರುತ್ತೇನೆ ಎಂದ. ಆಕೆ ಏನು ಮಾಡಬೇಕೆಂದು ತಿಳಿಯದೆ ಪಟ್ಟಿಯನ್ನೂ ಗಂಡನನ್ನೂ ನೋಡಿದಳು.

ನಾನು ಎದ್ದು ನಿಂತೆ. ಡ್ರೈವರಣ್ಣ ಹನ್ನೆರಡು ವರ್ಷಕ್ಕೂ ಮಿಕ್ಕಿ ದಿನಾ ಮಾತ್ರೆ ನುಂಗುತ್ತಿದ್ದರು, ನಾನು ಅವರನ್ನು ನರಸೀಪುರದ ಆಸ್ಪತ್ರೆಯಲ್ಲಿ ಕಂಡಿದ್ದೇನೆ, ನಾನು ನುಂಗುವುದೂ ಅದೇ ಮಾತ್ರೆ, ಅವರ ಮಾತು ಕೇಳಿ ಬಿಟ್ಟು ಹಾಳಾಗಿದ್ದೆ ಎಂದೆ. ದಸ್ತಾವೇಜು ಓದುವ ದನಿಯಲ್ಲೇ ಹೇಳಿದೆ, ಬೇರೆ ದನಿ ಬರಲಿಲ್ಲ. ಯಾರೋ ಹಿಂದಿನಿಂದ ನನ್ನ ಅಂಗಿ ಜಗ್ಗಿ ಕೂರಿಸಲು ನೋಡಿದರು. ಸತ್ತವರ ಮೇಲೆ ಹೀಗೆ ಹೇಳಬಾರದು ಎಂದು ಒಬ್ಬರು ಗದರಿದರು. ಮಗ ಎದ್ದು ಹೊರಟುಹೋದ. ಹೆಡತಲೆಯ ಆಕೆ ಪಟ್ಟಿಯನ್ನು ಮಡಿಸಿ ಗಂಡನ ಜೇಬಿಗೇ ವಾಪಸು ತುರುಕಿದಳು.

ಮರುದಿನ ಡ್ರೈವರಣ್ಣನ ಹೆಂಡತಿ ಫೋನ್ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿಕೊಂಡೆ.

“ದಿನಾ ಪಟ್ಟಿಯಿಂದ ಬುಡ್ಸಿ ಕೊಡ್ತಿದ್ದೋಳು ನಾನೇ ಕಣಪ್ಪ. ಅಷ್ಟು ವರ್ಸ ಬಾಯ್ ಮುಚ್ಕಂಡಿದ್ದೆ. ನೀವೇಳಿದ್ದು ಸರಿ ಆಯ್ತು.” ಹಾಗೆಂದವರೇ, “ನಾಳಿಕ್ಕೆ ತಿಥಿಗೆ ಮಾತ್ರ ಬರ್ಬ್ಯಾಡಿ. ನಮ್ಮನೆ ಕಡೆಗೇ ಬರ್ಬ್ಯಾಡಿ” ಎಂದರು.

ಮರುದಿನ ತಿಂಗಳ ಮೂರನೇ ಮಂಗಳವಾರ. ಭಾನುವಾರದವರೆಲ್ಲ ಬಾಡಿಗೆ ಗಾಡಿ ಮಾಡಿಕೊಂಡು ಅವರ ತಿಥಿಯ ಊಟಕ್ಕೆ ಹೋದರು. ನಾನು ನಮ್ಮೂರ ಆಸ್ಪತ್ರೆಗೆ ಹೋಗಿ, ತಲೆಗೆ ಏನನ್ನೂ ಹೊದೆಯದೆ ಸಾಲಿನಲ್ಲಿ ನಿಂತು, ನನ್ನ ತಿಂಗಳ ಮಾತ್ರೆ ತೆಗೆದುಕೊಂಡು ಬಂದೆ.