ಬಲಗೈಗೆ ಕೆಲಸವಿಲ್ಲದ ರಾತ್ರಿ

ಬ್ಯಾಂಡ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಗೆಣ್ಣಿನ ಮೇಲೆ ಹುಣಿಸೆಬೀಜದಷ್ಟು ದೊಡ್ಡದೊಂದು ಗಂಟಿತ್ತು. ಬಣ್ಣವೂ ಹೆಚ್ಚುಕಡಿಮೆ ಹುಣಿಸೆಬೀಜದ್ದೇ. ಅವರು ಊದುವ ಕ್ಲಾರಿಯೊನೆಟ್ಟಿನ ಭಾರವೆಲ್ಲ ಕೂರುವುದು ಆ ಹೆಬ್ಬೆರಳಿನ ಮೇಲೆ. ಮೂವತ್ತು ವರ್ಷ ಕೂತದ್ದರ ಗುರುತು ಅದು. ಯಾರಾದರೂ ಅದೇನೆಂದು ಕೇಳಿದರೆ, "ಪಲ್ಟಣದವರು ಕೊಟ್ಟ ಪಿಂಚಣಿ" ಎನ್ನುತ್ತಿದ್ದರು. ಬೇರೆ ಪಿಂಚಣಿ ಅವರಿಗೆ ಇರಲಿಲ್ಲವಾದ್ದರಿಂದ ಈ ಮಾತಿಗೆ ನಗಬೇಕೋ ಬೇಡವೋ ಎಂಬುದನ್ನು ಕೇಳಿದವರ ವಿವೇಚನೆಗೇ ಬಿಡಲಾಗಿತ್ತು.

ಉದಕಮಂಡಲದ ಮಾರ್ಕೆಟ್ಟಿನ ಹಿಂದೆ ಒಂದು ಸಾಲುಮನೆಯಲ್ಲಿ ನಾವು ಅಕ್ಕಪಕ್ಕದ ಬಾಡಿಗೆದಾರರು. ನಡುವೆ ಹಲಗೆಯ ಗೋಡೆ. ಆ ಕಡೆ ಅವರು ಸೀನಿದರೆ ಈ ಕಡೆ ನನ್ನ ದೀಪ ಅಲುಗುತ್ತಿತ್ತು. ನಾನು ತಂತಿ ಕಚೇರಿಯ ಗುಮಾಸ್ತ, ಮೈಸೂರು ಸೀಮೆಯವನು. ಅವರೂ ಅಲ್ಲಿಯವರೇ, ಒಂದು ಪಲ್ಟಣದ ಬ್ಯಾಂಡಿನಲ್ಲಿ ಊದಿ, ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ನಂಜನಗೂಡಿಗೆ ಕೊಟ್ಟು, ಈ ಬೆಟ್ಟ ಹತ್ತಿದ್ದರು. ಬೇಸಿಗೆಯಲ್ಲಿ ಬಿಳಿಯ ದೊರೆಗಳು ಮೇಲೆ ಬಂದಾಗ ಮೂರು ತಿಂಗಳು ಒಂದು ಹೋಟೆಲಿನ ಬ್ಯಾಂಡಿನಲ್ಲಿ ಕೆಲಸ. ಉಳಿದ ಒಂಬತ್ತು ತಿಂಗಳು ಹಾರ್ಮೋನಿಯಂ ತಿದಿ ಹೊಲಿಯುವುದು, ಅವರಿವರಿಗೆ ಸ್ವರ ಬರೆದುಕೊಡುವುದು, ಕೆಮ್ಮುವುದು. ಊರೆಲ್ಲ ಅವರನ್ನು ಬ್ಯಾಂಡ್ ಮೇಷ್ಟ್ರು ಎನ್ನುತ್ತಿತ್ತು.

ಕಾಗದದಲ್ಲಿ ಬರೆದಿಲ್ಲದ ಒಂದು ಸ್ವರವನ್ನೂ ಅವರು ಜನ್ಮದಲ್ಲಿ ಊದಿದವರಲ್ಲ. ಹಾಗೆ ಊದುವುದೆಂದರೆ ಅವರಿಗೆ, ನನ್ನ ಭಾಷೆಯಲ್ಲಿ ಹೇಳುವುದಾದರೆ, ವಿಳಾಸವಿಲ್ಲದ ತಂತಿ ಕಳುಹಿಸಿದ ಹಾಗೆ. ಇಂಥವರ ಪಾಲಿಗೆ ಒಂದು ಡಿಸೆಂಬರಿನಲ್ಲಿ ಕಷ್ಟ ಬಂತು. ಹೋಟೆಲ್ ಬ್ಯಾಂಡಿನ ಯಜಮಾನ, ಪಿಯಾನೋ ನುಡಿಸುವ ಗೋವೆಯ ಮನುಷ್ಯ, ಬೊಂಬಾಯಿಗೆ ಹೋಗಿ ಜಾಝ್ ಹತ್ತಿಸಿಕೊಂಡು ಬಂದಿದ್ದರು. ಉಳಿದವರು ಅಲ್ಲಿಂದ ಜ್ವರ ಹತ್ತಿಸಿಕೊಂಡು ಬರುವ ಹಾಗೆ.

"ಪೇಪರ್ ನೋಡಿ ಊದೋ ಕಾಲ ಮುಗೀತು ಮೇಷ್ಟ್ರು," ಎಂದರು ಬಾಗಿಲಲ್ಲೇ ನಿಂತು. "ಈಗ ಶುರುವಿಗೆ ಒಂದು ಟ್ಯೂನ್. ಆಮೇಲೆ ಅವರವರ ತಲೆಯಿಂದ ಊದಬೇಕು."

"ತಲೇಲಿ ಏನೂ ಇಲ್ದವರು?"

"ಅವರೇ ತುಂಬ ಚೆನ್ನಾಗಿ ಊದ್ತಾರೆ." ಯಜಮಾನರು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು. "ಸಂಕ್ರಾಂತಿ ಆದ ಮೇಲಿನ ಶನಿವಾರ ರಾತ್ರಿ ಕೂಡೋಣ. ಊದಿ ತೋರಿಸಿದ್ರೆ ಸೀಟು ನಿಮ್ದು. ಇಲ್ಲಾಂದ್ರೆ ಬೆಂಗಳೂರಿಂದ ಒಬ್ಬನ್ನ ಕರೆಸಬೇಕಾಗ್ತದೆ. ನಂಗೂ ಬೇಜಾರೇ ಮೇಷ್ಟ್ರು."

ಆ ಸೀಟು ಹೋದರೆ ಮೇಷ್ಟ್ರು ಬೆಟ್ಟ ಇಳಿದು ಅಳಿಯನ ಮನೆಯ ಜಗಲಿಯಲ್ಲಿ ಕೂರಬೇಕು. ಅಳಿಯ ಒಳ್ಳೆಯವನೇ. "ಅದೇ ಕಷ್ಟ," ಎನ್ನುತ್ತಿದ್ದರು. "ಕೆಟ್ಟವನಾಗಿದ್ರೆ ಜಗಳ ಆಡ್ಕೊಂಡು ಇರಬಹುದಿತ್ತು."

ಮರುವಾರ ಅವರ ಕೋಣೆಗೆ ಹೋದರೆ ಏನನ್ನೋ ಬರೆಯುತ್ತಿದ್ದರು. ನಾಲ್ಕು ಹಾಳೆ ತುಂಬಿತ್ತು.

"ಇದೇನು ಮೇಷ್ಟ್ರೇ?"

"ತಲೆಯಿಂದ ಊದಬೇಕಾದ್ದು."

"ಬರೀತಿದ್ದೀರಲ್ಲ!"

"ಬರೆದು, ಬಾಯಿಪಾಠ ಮಾಡಿ, ಆಮೇಲೆ ತಲೆಯಿಂದ ಊದ್ತೀನಿ ರಾಯರೇ. ತಲೆಗೆ ಎಲ್ಲಿಂದ ಬಂತು ಅಂತ ಅವರೇನು ಕೇಳಲ್ಲವಲ್ಲ."

ಮೂರನೆಯ ಹಾಳೆಯಲ್ಲಿ ಎರಡು ಕಡೆ ತಡವರಿಸುವುದನ್ನೂ ಬರೆದಿದ್ದರು; ಸಹಜವಾಗಿ ಕಾಣಲೆಂದು. ಅದನ್ನು ತಿಂಗಳೆಲ್ಲ ಅಭ್ಯಾಸ ಮಾಡಿದರು. ತಡವರಿಕೆ ಪ್ರತಿದಿನವೂ ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಬಂತು.

ಬ್ಯಾಂಡಿನ ಡೋಲಿನವನು ಚಳಿಗೆ ಹೆದರಿ ಕೊಯಮತ್ತೂರಿಗೆ ಇಳಿದಿದ್ದ. ಆ ಖಾಲಿ ಜಾಗಕ್ಕೆ, ಹಗಲೆಲ್ಲ ತಂತಿ ಕುಟ್ಟುವ ಕೈ ಎಂಬ ಒಂದೇ ಅರ್ಹತೆಯ ಮೇಲೆ, ಒಂದು ಬಿಸ್ಕತ್ತಿನ ಡಬ್ಬದೊಂದಿಗೆ ನನ್ನನ್ನು ನೇಮಿಸಲಾಯಿತು. ಅಭ್ಯಾಸಕ್ಕೆ ಕೂತಾಗ ಮೇಷ್ಟ್ರು ಎರಡು ನಿಮಿಷ ಕೇಳಿ ಕಣ್ಣು ಮುಚ್ಚಿಕೊಂಡರು.

"ಹೊಡೆಯೋದು ನಿಮಗೆ ಗೊತ್ತು ರಾಯರೇ. ಬಿಡೋದು ಗೊತ್ತಿಲ್ಲ. ಎಲ್ಲಾನೂ ತುಂಬಿಸಿಬಿಡ್ತೀರಿ. ಒಂದು ಬಿಡಿ. ಬಿಟ್ಟಿದ್ದೂ ಕೇಳಿಸುತ್ತೆ."

ಪಲ್ಟಣದ ಬ್ಯಾಂಡಿನಲ್ಲಿ ನೂರಾರು ಸಲ ತಮ್ಮ ಸರದಿ ಬರುವವರೆಗೆ ಸುಮ್ಮನೆ ಎಣಿಸುತ್ತ ನಿಂತವರ ಮಾತು ಅದು. ನಮ್ಮ ತಂತಿ ಇಲಾಖೆಯ ಪ್ರಕಾರ ಬಿಟ್ಟದ್ದೆಲ್ಲ ತಪ್ಪು. ನನಗೆ ಹತ್ತಲಿಲ್ಲ.

ಶನಿವಾರ ಬಂತು. ಕೂಡಿದ್ದು ಊರಾಚೆ ನಂಜನಾಡು ಎಂಬ ಹಳ್ಳಿಯಲ್ಲಿ, ಬೆಟ್ಟದ ಬಡಗ ಜನದ ಒಬ್ಬ ಗೌಡರ ಆಲೂಗಡ್ಡೆ ಉಗ್ರಾಣದಲ್ಲಿ. ಹೋಟೆಲಿನ ಹಳೆಯ ಪಿಯಾನೋವನ್ನು ಗೌಡರು ಮೊಮ್ಮಕ್ಕಳಿಗೆಂದು ಹರಾಜಿನಲ್ಲಿ ಹಿಡಿದಿದ್ದರು. ಅದು ಮನೆಯ ಬಾಗಿಲಲ್ಲಿ ನುಗ್ಗದೆ ಬಿತ್ತನೆ ಗಡ್ಡೆಯ ಮೂಟೆಗಳ ನಡುವೆ ಉಳಿದಿತ್ತು. ಹೊರಗೆ ಹುಲ್ಲಿನ ಮೇಲೆ ಹಿಮ ಹೆಪ್ಪುಗಟ್ಟಿ, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಗೌಡರು ಬಿಳಿ ಹೊದಿಕೆಯೊಳಗಿಂದ ಮೂಗೊಂದನ್ನೇ ಹೊರಗಿಟ್ಟುಕೊಂಡು ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಸಿ ತಂದಿಟ್ಟರು.

ಮೇಷ್ಟ್ರು ವಾದ್ಯವನ್ನು ಎರಡು ತುಂಡು ಮಾಡಿ ತಂದಿದ್ದರು. ಚಳಿಯಲ್ಲಿ ತಣ್ಣನೆಯ ಮರಕ್ಕೆ ಅವರು ಬಾಯಿ ಹಚ್ಚುತ್ತಿರಲಿಲ್ಲ. ಅರ್ಧ ಗಂಟೆ ಮೈಗೆ ಒತ್ತಿ ಹಿಡಿದುಕೊಂಡ ಮೇಲೆಯೇ ಊದುವುದು. ಮೇಲಿನ ತುಂಡು ತಮ್ಮ ಕೋಟಿನೊಳಗೆ. ಕೆಳಗಿನದನ್ನು ನನ್ನ ಕೈಗಿತ್ತರು.

"ಹೊಟ್ಟೆ ಹತ್ತಿರ ಇಟ್ಕೊಳ್ಳಿ. ಮೈ ಶಾಖ ಸಾಕು. ಹೆಚ್ಚೇನೂ ಬೇಡ."

ಅವರು ಒಂದು ಮೂಟೆಯ ಮೇಲೆ ಕೂತು ಕಣ್ಣು ಮುಚ್ಚಿ ನಾಲ್ಕು ಹಾಳೆಯನ್ನು ಮನಸ್ಸಿನಲ್ಲಿ ತಿರುವುತ್ತಿದ್ದರು. ನನಗೆ ಅವರ ಮೇಲಿದ್ದ ಅಭಿಮಾನ ಆ ರಾತ್ರಿ ಸ್ವಲ್ಪ ಹೆಚ್ಚೇ ಇತ್ತು. ನನ್ನ ಮೈಯಲ್ಲೇ ಶಾಖವಿಲ್ಲ, ಮರಕ್ಕೇನು ಕೊಡಲಿ ಎಂದುಕೊಂಡು ತುಂಡನ್ನು ಅಗ್ಗಿಷ್ಟಿಕೆಯ ಅಂಚಿಗೆ ಇಟ್ಟೆ. ಹಿಂದುಮುಂದೆ ಯೋಚಿಸದೆ ಇಟ್ಟೆನೆಂದು ಹೇಳುವಂತಿಲ್ಲ. ಚೆನ್ನಾಗಿ ಯೋಚಿಸಿಯೇ ಇಟ್ಟೆ.

ಟಕ್ ಎಂದಿತು.

ಎತ್ತಿ ನೋಡಿದರೆ ಉದ್ದಕ್ಕೆ ಒಂದು ಬಿರುಕು. ಮೇಷ್ಟ್ರು ಎದ್ದು ಬಂದು ತುಂಡನ್ನು ತೆಗೆದುಕೊಂಡರು. ಅದರ ಒಂದು ಮಗ್ಗುಲು ಇನ್ನೂ ಸುಡುತ್ತಿತ್ತು. ಅವರ ಬೆರಳು ಅಲ್ಲಿ ಒಂದು ಕ್ಷಣ ನಿಂತಿತು. ನನ್ನ ಮುಖ ನೋಡಿದರು.

"ಏನಾಯ್ತು?" ಎಂದರು ಪಿಯಾನೋದವರು.

"ಚಳಿಗೆ ಬಿಟ್ಟಿದೆ," ಎಂದರು ಮೇಷ್ಟ್ರು. "ಹಳೇ ಮರ."

ಕೆಳಗಿನ ತುಂಡು ಬಲಗೈಯದು, ಮೇಲಿನದು ಎಡಗೈಯದು. ಬಿರುಕಿನಿಂದ ಗಾಳಿ ಸೋರಿ ಬಲಗೈ ಬೆರಳುಗಳ ಸ್ವರಗಳೆಲ್ಲ ಹೋಗಿದ್ದವು. ಎಡಗೈಯ ಐದಾರು ಸ್ವರ ಮಾತ್ರ ಉಳಿದಿದ್ದವು. ನಾಲ್ಕು ಹಾಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಲಗೈಯ ಕೆಲಸ. ಪಿಯಾನೋದವರು, "ಬೇರೆ ದಿನ ಮಾಡೋಣ," ಎಂದರು. ಆದರೆ ಬೆಂಗಳೂರಿಗೆ ಸೋಮವಾರ ಕಾಗದ ಹಾಕಲೇಬೇಕು ಎಂದೂ ಸೇರಿಸಿದರು.

"ಶುರು ಮಾಡಿ," ಎಂದರು ಮೇಷ್ಟ್ರು.

ಪಿಯಾನೋ ಶುರುವಾಯಿತು. ಗಡ್ಡೆಯ ಮೂಟೆಗಳ ನಡುವೆ ಅದರ ಸದ್ದು ದಪ್ಪಗೆ, ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ ಬರುತ್ತಿತ್ತು. ನಾನು ಡಬ್ಬ ಹಿಡಿದೆ. ಮೇಷ್ಟ್ರು ತುಟಿಗಿಟ್ಟುಕೊಂಡು ಮೊದಲ ಹಾಳೆಯ ಮೊದಲ ಸಾಲನ್ನು ಹಿಡಿದರು. ನನಗೂ ಗೋಡೆಯ ಈಚೆಯಿಂದ ಬಾಯಿಪಾಠವಾಗಿದ್ದ ಸಾಲು. ನಡುವೆ ಬಲಗೈ ಸ್ವರ ಬರಬೇಕಾದಲ್ಲಿ ಬರೀ ಗಾಳಿ ಬಂತು. ನಿಲ್ಲಿಸಿದರು. ಪಿಯಾನೋದವರು ತಿರುಗಿ ನೋಡದೆ ನುಡಿಸುತ್ತಲೇ ಇದ್ದರು. ಅಷ್ಟು ಮರ್ಯಾದಸ್ಥ ಮನುಷ್ಯ.

ಮತ್ತೆ ಊದಿದಾಗ ಮೇಷ್ಟ್ರು ಆ ಸ್ವರದ ಜಾಗವನ್ನು ಖಾಲಿ ಬಿಟ್ಟರು. ಮೂರು ಸ್ವರ ಊದಿ, ಇಲ್ಲದ್ದನ್ನು ಬಿಟ್ಟು, ಆಚೆ ಹೋಗಿ ನಿಂತರು. ಅದೇ ಮೂರನ್ನು ತಿರುಗಿಸಿ ಇನ್ನೊಂದು ರೀತಿ ಹೇಳಿದರು. ಆ ರಾತ್ರಿ ಅವರು ಊದಿದ್ದು ಯಾವ ಹಾಳೆಯಲ್ಲೂ ಇರಲಿಲ್ಲ. ಬಲಗೈಯ ಬೆರಳುಗಳು ಕೆಲಸವಿಲ್ಲದೆ ಮರದ ಮೇಲೆ ಸುಮ್ಮನೆ ಒರಗಿದ್ದವು. ಹೆಬ್ಬೆರಳು ಮಾತ್ರ ಯಾವತ್ತಿನಂತೆ ಭಾರ ಹೊತ್ತಿತ್ತು. ದಣಿದ ಮನುಷ್ಯನೊಬ್ಬ ಉಸಿರು ತೆಗೆದುಕೊಳ್ಳುತ್ತ ನಿಧಾನವಾಗಿ ಏರು ಹತ್ತುತ್ತಿದ್ದಂತಿತ್ತು. ನನ್ನ ಕೈಯೂ ಯಾವಾಗಲೋ ಒಂದೊಂದು ಪೆಟ್ಟು ಬಿಡತೊಡಗಿತ್ತು. ಕೌಶಲದಿಂದಲ್ಲ, ನಾಚಿಕೆಯಿಂದ.

ಮುಗಿದ ಮೇಲೆ ಮೊದಲು ಮಾತಾಡಿದವರು ಗೌಡರು.

"ನಮ್ಮಲ್ಲಿ ದೊಡ್ಡವರು ಸತ್ತಾಗ ಕೋತರು ಬಂದು ಊದುವರು. ಹಂಗೇ ಇತ್ತು ಮೇಷ್ಟ್ರಣ್ಣ. ಒಳ್ಳಿತು, ಬಲು ಒಳ್ಳಿತು."

ಪಿಯಾನೋದವರಿಗೆ ಇದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಕೋತರೆಂದರೆ ಬೆಟ್ಟದ ವಾದ್ಯಗಾರ ಜನ; ಗೌಡರ ಪಾಲಿಗೆ ಅದಕ್ಕಿಂತ ಮೇಲಿನ ಹೊಗಳಿಕೆ ಇರಲಿಲ್ಲವೆಂದು ನಾನು ವಿವರಿಸಬೇಕಾಯಿತು. ಅವರು ಪಿಯಾನೋದ ಮುಚ್ಚಳ ಹಾಕಿ, "ಏಪ್ರಿಲ್‌ಗೆ ಬನ್ನಿ ಮೇಷ್ಟ್ರು. ಮರ ಸರಿ ಮಾಡಿಸ್ಕೊಳ್ಳಿ," ಎಂದರು.

ಹಿಂದಿರುಗುವ ಏರಿನಲ್ಲಿ ನಾನು, "ಮೇಷ್ಟ್ರೇ, ಆ ತುಂಡು..." ಎಂದು ಶುರು ಮಾಡಿದೆ.

"ಒಂದು ಬಿಡಿ ರಾಯರೇ," ಎಂದರು.

ಮೇಣ ತುಂಬಿ, ಕಪ್ಪು ದಾರ ಸುತ್ತಿ, ಆ ವಾದ್ಯದಲ್ಲೇ ಎರಡು ಬೇಸಿಗೆ ಊದಿದರು. ಮೂರನೆಯ ಬೇಸಿಗೆಗೆ ಹೋಟೆಲಿನವರು ಗ್ರಾಮಫೋನು ತರಿಸಿದರು. ಅದಕ್ಕೆ ಸಂಬಳವಿಲ್ಲ, ಕೆಮ್ಮಿಲ್ಲ. ಪಿಯಾನೋದವರು ಬೊಂಬಾಯಿಗೆ ಹೋದರು. ಮೇಷ್ಟ್ರು ಅಳಿಯನ ಮನೆಗೆ ಹೋಗಲಿಲ್ಲ. ನಾಳೆ ನಾಳೆ ಎಂದು ತಿದಿ ಹೊಲಿಯುತ್ತ ಉಳಿದರು. ಬಿರುಕಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ, ಚಳಿಗಾಲದ ಸಂಜೆ ನನ್ನ ಬಾಗಿಲು ದಾಟುವಾಗ ಮಾತ್ರ, "ರಾಯರೇ, ಅಗ್ಗಿಷ್ಟಿಕೆ ಚೆನ್ನಾಗಿ ಉರೀತಿದೆಯೋ?" ಎಂದು ಅತ್ಯಂತ ಗಂಭೀರವಾಗಿ ವಿಚಾರಿಸಿ ಹೋಗುತ್ತಿದ್ದರು.

ಒಂದು ಮಳೆಗಾಲದ ಬೆಳಗ್ಗೆ ಹಲಗೆಯ ಆಚೆ ಕೆಮ್ಮು ಕೇಳಲಿಲ್ಲ. ಬಹಳ ಹೊತ್ತು ಕೇಳದ ಮೇಲೆ ಎದ್ದು ಹೋದೆ.

ನಂಜನಗೂಡಿನ ಮಗಳಿಗೆ ತಂತಿ ಕೊಟ್ಟವನೂ ನಾನೇ, ಕುಟ್ಟಿದವನೂ ನಾನೇ. 'ತಂದೆ' ಎಂಬ ಮಾತು ಮುಗಿದ ಮೇಲೆ ನನ್ನ ಕೈ ನಿಂತಿತು. ಹೆಚ್ಚು ಹೊತ್ತಲ್ಲ, ಒಂದು ಪೆಟ್ಟಿನಷ್ಟು. ತಂತಿಯ ಆ ತುದಿಯಲ್ಲಿ, ಮೈಸೂರಿನಲ್ಲಿ ಕೂತಿದ್ದ ಗುಮಾಸ್ತ ಕೂಡಲೇ ಕೇಳಿದ: ತಂತಿ ಕಡಿಯಿತೇ?

ಇಲ್ಲ, ಎಂದು ಕುಟ್ಟಿದೆ. ಮುಂದೆ ಬರೆದುಕೊಳ್ಳಿ.