ಗಾದಿ ಸರಿದದ್ದು ಎಷ್ಟು?

ಶಂಕರಪ್ಪ ಹೋಗಿ ಎರಡು ವರ್ಷವಾಯಿತು. ಎದೆನೋವು ಬಂತು, ಹೋದರು. ಬಜಾಜ್ ನಗರದ ಕನ್ನಡದ ಮಂದಿ ಅವರನ್ನು ಈಗಲೂ ಅಳತೆಯ ಶಂಕರಪ್ಪ ಎನ್ನುತ್ತಾರೆ. ಸುಳ್ಳಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಅವರ ಕೆಲಸವೇ ಅದು. ತಯಾರಾದ ಕಬ್ಬಿಣದ ತುಂಡುಗಳನ್ನು ಅಳೆದು ಪಾಸು ಮಾಡುವುದು, ಇಲ್ಲವೇ ಆಚೆ ಎಸೆಯುವುದು. ಅಲ್ಲೊಂದು ರೂಢಿ ಇತ್ತು. ಒಂದು ತುಂಡನ್ನು ಇಬ್ಬರು ಅಳೆಯಬೇಕು. ಒಬ್ಬನ ಅಂಕಿ ಇನ್ನೊಬ್ಬನಿಗೆ ಕಾಣಬಾರದು. ಎರಡೂ ತಾಳೆಯಾದರೆ ಮಾತ್ರ ನಂಬುವುದು.

೨೦೦೧ರ ಬೇಸಿಗೆಯಲ್ಲಿ ಅವರ ಸೊಂಟ ಹಿಡಿಯಿತು. ನೋವು ಎಡಗಾಲಿನ ಹೆಬ್ಬೆರಳಿನತನಕ ಇಳಿಯಿತು. ಎಂಆರ್‌ಐ ಮಾಡಿಸಿದರು. ಬೆನ್ನುಮೂಳೆಯ ಮಣಿಗಳ ನಡುವಿನ ಗಾದಿ, ಅಂದರೆ ಡಿಸ್ಕ್, ಎಂಟು ಮಿಲಿಮೀಟರ್ ಹಿಂದಕ್ಕೆ ಸರಿದು ನರ ಒತ್ತುತ್ತಿದೆ ಎಂದು ವರದಿ ಬಂತು. ಡಾಕ್ಟರು ಮೂರು ವಾರ ಬಿಟ್ಟು ಬರುವ ಗುರುವಾರ ಆಪರೇಷನ್ ಎಂದರು.

ಶಂಕರಪ್ಪ ವರದಿಯನ್ನು ಟ್ರಂಕಿನಲ್ಲಿಟ್ಟು, ಫಿಲ್ಮ್ ಒಂದನ್ನೇ ಚೀಲಕ್ಕೆ ಹಾಕಿಕೊಂಡು ಸೀತಾಬರ್ಡಿ ಪೇಟೆಯ ಬೇರೆ ಡಾಕ್ಟರ ಕಡೆ ಹೊರಟರು.

"ವರದಿ ಯಾಕ ಬಿಟ್ಟ್ರಿ?" ಎಂದಳು ಹೆಂಡತಿ ನೀಲಗಂಗಾ.

"ಅವನ ಅಂಕಿ ಇವಂಗ ಕಾಣಬಾರ್ದು. ಕಂಡ್ರ ಅದನ್ನ ಒದರತಾನ."

"ನಿಮ್ಮ ಬೆನ್ನೇನು ಬೋಲ್ಟ್ ಏನ್ರಿ?"

"ಬೋಲ್ಟ್ ಆಗಿದ್ರ ಇಷ್ಟೊತ್ತಿಗೆ ಗುಜರಿಗೆ ಹಾಕಿರ್ತಿದ್ದೆ. ಸುಮ್ನಿರ."

ಸೀತಾಬರ್ಡಿಯ ಡಾಕ್ಟರು ಐದು ಎಂದರು, ಮಲಗಿದರೆ ಸಾಕು ಎಂದರು. ಮೂರನೆಯವರು ಆರೂವರೆ ಎಂದರು. ಯಾವುದೂ ತಾಳೆಯಾಗಲಿಲ್ಲ. ಗುರುವಾರ ಹತ್ತಿರ ಬಂತು. ಶಂಕರಪ್ಪ ಕುರ್ಚಿಯಲ್ಲಿ ಕೂತರು, ಎದ್ದರು, ಗೋಡೆಗೆ ಒರಗಿದರು, ಮತ್ತೆ ಕಿಟಕಿಗೆ ಹೋಗಿ ಫಿಲ್ಮನ್ನು ಬಿಸಿಲಿಗೆ ಹಿಡಿದರು. ಒಂದು ದಿನ ಕಬ್ಬಿಣ ಅಳೆಯುವ ತಮ್ಮ ವರ್ನಿಯರನ್ನೇ ಅದರ ಮೇಲಿಟ್ಟು ಅಳೆದರು.

"ಎರಡೂವರೆ! ಎಲ್ಲಾರೂ ಸುಳ್ಳ ಹೇಳ್ಯಾರ!"

ನೀಲಗಂಗಾ ಬಗ್ಗಿ ನೋಡಿದಳು. "ಚಿತ್ರ ಅಂಗೈಯಷ್ಟ ಐತಿ. ನಿಮ್ಮ ಬೆನ್ನು ಅಷ್ಟ ಐತೇನು?"

ಇಪ್ಪತ್ತಾರು ವರ್ಷ ಅಳೆದ ಮನುಷ್ಯ ಫಿಲ್ಮನ್ನು ಮತ್ತೆ ಬಿಸಿಲಿಗೆ ಹಿಡಿದರು. ಫಿಲ್ಮಿನ ಅಂಚಿಗೆ ಸಣ್ಣ ಅಳತೆಪಟ್ಟಿ ಇತ್ತು. ಅದಕ್ಕೆ ಹೋಲಿಸಿ ಲೆಕ್ಕ ಹಾಕಿದಾಗ ಏಳಾಯಿತು.

ಬುಧವಾರ ಇಬ್ಬರೂ ಡಾಕ್ಟರ್ ಕೃಷ್ಣಪ್ರಸಾದರ ಹತ್ತಿರ ಹೋದರು. ಮೈಸೂರು ಕಡೆಯವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಅವರು ಅಳೆದು ಆರು ಎಂದರು. ಶಂಕರಪ್ಪ ಫಿಲ್ಮ್ ಮಡಿಲಿಗೆ ತೆಗೆದುಕೊಂಡು, ಗುಳಿಗೆಯ ಮಾತು ಒಂದಿಷ್ಟು ಆಡಿ, ಇನ್ನೊಮ್ಮೆ ಅಳೆಯಿರಿ ಎಂದು ಕೊಟ್ಟರು. ಈ ಸಲ ಏಳು.

"ಸಾಹೇಬ್ರ, ಮೊದ್ಲ ಆರು ಅಂದ್ರಿ."

ಡಾಕ್ಟರು ನಕ್ಕರು. "ಪರೀಕ್ಷೆ ಮಾಡ್ತೀರೇನ್ರೀ ನನ್ನನ್ನ? ಗಾದಿ ಅಂಚಿಗೆ ಯಾರೂ ಗೆರೆ ಹೊಡೆದಿಟ್ಟಿಲ್ಲ. ಪೆನ್ಸಿಲ್ ಒಂಚೂರು ಈಚೆ ಬಂದ್ರೆ ಒಂದು ಮಿಲಿಮೀಟರ್ ಹೋಯ್ತು."

"ಹಂಗಾರ ನಾ ಯಾವುದನ್ನ ನಂಬ್ಲಿ?"

"ಅದನ್ನ ಪಕ್ಕಕ್ಕಿಡಿ. ಹಿಮ್ಮಡಿ ಮೇಲೆ ಬಾಗಿಲ ತನಕ ನಡೀರಿ."

ಶಂಕರಪ್ಪ ನಡೆದರು. ಬಲಗಾಲಿನ ಬೆರಳುಗಳು ಮೇಲೆದ್ದವು. ಎಡಪಾದ ಚಪ್ಪಟೆಯಾಗಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ನಡೆದರು. ಮತ್ತೆ ಬಿತ್ತು.

"ಇಪ್ಪತ್ತು ದಿನಾ ಆತ್ರಿ," ಎಂದಳು ನೀಲಗಂಗಾ. "ಎಡಗಾಲ ಚಪ್ಲಿ ಪಟ್ ಪಟ್ ಅಂತೈತಿ."

"ಯಾಕ ಹೇಳ್ಲಿಲ್ಲ?" ಶಂಕರಪ್ಪ ಸಿಟ್ಟಾದರು.

"ಫಿಲ್ಮ್ ಬಿಟ್ಟು ನನ್ನ ಕಡೆ ತಿರುಗಿದ್ರ ಹೇಳ್ತಿದ್ದೆ."

"ಐದಿರ್ಲಿ, ಎಂಟಿರ್ಲಿ," ಎಂದರು ಡಾಕ್ಟರು. "ನರ ಸೋಲ್ತಾ ಇದೆ. ನಾಳೆ ಆಪರೇಷನ್ ಮಾಡಿಸಿಕೊಳ್ಳಿ, ತಡ ಮಾಡಬೇಡಿ."

ಮರುದಿನ ಶಂಕರಪ್ಪ ಮೊದಲಿನ ಡಾಕ್ಟರ ಹತ್ತಿರ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದರು. ನೋವು ಹೋಯಿತು. ಪಾದ ಏಳಲು ಎಂಟು ತಿಂಗಳು ಹಿಡಿಯಿತು, ಅದೂ ಅರ್ಧ. ಹಾಗೇ ಕಾಲೆಳೆದುಕೊಂಡು ಕಾರ್ಖಾನೆಗೆ ಹೋದರು, ಸಾಯುವ ತನಕ.

ತಾನು ಇಪ್ಪತ್ತು ದಿನ ಮೊದಲೇ ಬಾಯಿ ಬಿಟ್ಟಿದ್ದರೆ ಪಾದ ಪೂರ್ತಿ ಏಳುತ್ತಿತ್ತೇ ಎಂದು ನೀಲಗಂಗಾ ಒಮ್ಮೆಯೂ ಅವರನ್ನು ಕೇಳಲಿಲ್ಲ. ಈಗ ಅಡುಗೆಮನೆಯಿಂದ ಹೊರಗೆ, ಹೊರಗಿನಿಂದ ಒಳಗೆ ತಿರುಗುತ್ತ ಅದನ್ನೇ ಕೇಳಿಕೊಳ್ಳುತ್ತಾಳೆ.