ರಸ್ತೆಯ ಮೇಲಿನ ಹುರುಳಿ

ನೀವು ನಂಬುವುದಿಲ್ಲ, ಆದರೆ ನಮ್ಮ ಪಕ್ಕದ ಮನೆಯ ಅಕ್ಕ ಮಿರರ್ ಸರಿಮಾಡಿಕೊಂಡು ಕಾರು ಹೊರಡಿಸುವಷ್ಟರಲ್ಲಿ ನಮ್ಮೂರು ಹೆಡತಲೆಯಲ್ಲಿ ಎರಡು ಬೆಳೆ ಬಂದುಹೋಗುತ್ತಿದ್ದವು. ಪೊಲೀಸ್ ತರಬೇತಿಯಿಂದ ರಜೆಗೆ ಬಂದಿದ್ದಳು. ಎಲ್ಲರಂತೆ ಹೇಗೆಂದರೆ ಹಾಗೆ ಓಡಿಸುವ ಹಳೆಯ ಚಾಳಿಯಿಂದಾಗಿ ಅಲ್ಲಿ ಒಮ್ಮೆ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಮತ್ತೆ ಫೇಲಾದರೆ ಜೀಪು ಓಡಿಸುವ ಕೆಲಸ ಕೈತಪ್ಪುತ್ತಿತ್ತು. ಹಾಗಾಗಿ ದಿನವೂ ತನ್ನ ಅಪ್ಪನ ಕಾರಿನಲ್ಲಿ ನರಸೀಪುರದ ಕಡೆಗೆ ಅಭ್ಯಾಸ. ಪಕ್ಕದಲ್ಲಿ ನಾನು. ಹಾಲಿನ ಕೊಡ ಹಿಡಿದಂತೆ ಸ್ಟೇರಿಂಗ್ ಹಿಡಿದು, ತಿರುವು ಬಂದಾಗಲೆಲ್ಲ "ಆತ್ರ ಬ್ಯಾಡ ಕಣ್ಲಾ" ಅನ್ನುತ್ತಿದ್ದಳು. ಆತುರ ಯಾರಿಗಿತ್ತೋ, ಎಮ್ಮೆಗಳೇ ನಮ್ಮನ್ನು ಓವರ್‌ಟೇಕ್ ಮಾಡುತ್ತಿದ್ದವು.

ಒಂದು ದಿನ ಊರಾಚೆ ಯಾರೋ ರಸ್ತೆ ತುಂಬ ಹುರುಳಿ ಗಿಡ, ನಮ್ಮ ಕಡೆಯ ಮಾತಿನಲ್ಲಿ ಉಳ್ಳಿ, ಹರಡಿದ್ದರು. ಗಾಡಿಗಳು ತುಳಿದರೆ ಕಾಳು ಉದುರುತ್ತದೆ, ಒಕ್ಕಣೆ ಸಲೀಸು. ಅಕ್ಕ ಕಾರು ನಿಲ್ಲಿಸಿದಳು.

"ಅದ್ರ ಮ್ಯಾಲೇ ಅತ್ಸಕ್ಕ, ಎಲ್ರೂ ಅತ್ಸ್ಕಂಡೇ ಓಯ್ತಾರೆ," ಎಂದೆ.

"ಎಲ್ರೂ ಓಯ್ತಾರೆ ಅಂತ ನಾನೂ ಓಗೇ ಫೇಲಾಗಿದ್ದು. ಬೈಕ್ನವ್ರು ಜಾರಿ ಬಿದ್ರೆ?"

ಇಳಿದು ಗಿಡಗಳನ್ನು ಪಕ್ಕಕ್ಕೆ ಎಳೆಯತೊಡಗಿದಳು. ಹಿಂದೆ ನಿಂತ ಗಾಡಿಗಳ ಸಾಲು ನಮ್ಮೂರನ್ನೇ ದಾಟಿತು.

"ಮೇಡಮ್ಮೋರೇ, ಉಳ್ಳಿಗೂ ಫೈನ್ ಆಕ್ತೀರಾ?" ಎಂದ ಬಸ್ ಡ್ರೈವರ್.

"ಇದ್ ಯಾರ್ದು? ಕರೀರಿ ಅವ್ರ್ನ."

ಹುಣಸೆ ಮರದ ನೆರಳಿನಿಂದ ಒಕ್ಕಣೆಯ ಕವೆಗೋಲು ಹಿಡಿದು ಅವಳ ಅಪ್ಪನೇ ಎದ್ದು ಬಂದರು.

"ನಂದೇ ಕಣವ್ವ. ನಿನ್ ಕಾರ್ನೇ ಕಾಯ್ತಿದ್ದೆ. ನಾಕ್ ಸಲ ಅತ್ಸು."

"ಅತ್ಸಲ್ಲ ಕಣಪ್ಪ."

"ಅಂಗಾರೆ ಕಾರ್ ಕೀ ಕೊಡು. ನಾಳಿಂದ ಮುಟ್ಬ್ಯಾಡ."

ಅಕ್ಕ ಕೀಯನ್ನು ಅವರ ಕೈಗಿಟ್ಟಳು. ಅವರ ಇನ್ನೊಂದು ಕೈಯಲ್ಲಿದ್ದ ಕವೆಗೋಲು ಇಸಿದುಕೊಂಡು, ಉಳಿದ ಹುರುಳಿಯನ್ನು ಪಕ್ಕಕ್ಕೆ ಎಳೆಯತೊಡಗಿದಳು.